ದಾರಿ ತೋರಿಸಿದವನು

ಅತ್ತಿಗುಪ್ಪೆಯ ಮೆಟ್ರೋ ಸ್ಟೇಷನ್ ಹಿಂದಿನ ಹಾಲ್‌ಗೆ ರಿಹರ್ಸಲ್‌ಗೆಂದು ಬಂದ ಮೊದಲ ಸಂಜೆಯೇ ಕುಸುಮಾ ರೇವಂತನ ಎದುರಿಗೆ ನಿಂತಳು. ಚಪ್ಪಲಿ ಬಿಡುತ್ತಿದ್ದವನು ಅವಳನ್ನು ನೋಡಿ, ಒಂದು ಚಪ್ಪಲಿಯನ್ನು ಕಾಲಲ್ಲೇ ಉಳಿಸಿಕೊಂಡು ಹಾಗೇ ನಿಂತುಬಿಟ್ಟ.

"ನೀನಾ?"

"ಯಾಕೆ, ನಾಟಕಾನೂ ನಿಮ್ಮಪ್ಪನ ಆಸ್ತಿನಾ?"

ರೇವಂತ್ ಅವಳ ಸೋದರಮಾವ ಮುನಿರಾಮಯ್ಯನ ಮಗ. ಇಬ್ಬರಿಗೂ ಮದುವೆ ಎಂದು ಮಲ್ಲತ್ತಹಳ್ಳಿಯಲ್ಲಿ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಹಿರಿಯರ ಆ ಮಾತಿಗೆ ನಕ್ಕಂತೆ ಮಾಡಿ, ಇಬ್ಬರೂ ಒಳಗೊಳಗೇ ಅದನ್ನೇ ಕನಸು ಕಂಡಿದ್ದರು.

ಆಮೇಲೆ ಬಿಲ್ಡರ್ ಬಂದ. ಮುನಿರಾಮಯ್ಯ ಅವನ ಕಡೆ ಸೇರಿದ. ಕುಸುಮಳ ಅಪ್ಪ ಜಾಗ ಕೊಡಲ್ಲ ಎಂದ. ಒಂದು ಬೆಳಿಗ್ಗೆ ಜೆಸಿಬಿ ನುಗ್ಗಿ, ಅಪ್ಪನ ತಾಯಿ, ಅಜ್ಜಿ ಬೋರಮ್ಮ ಕೈಯಾರೆ ಬೆಳೆಸಿದ್ದ ಸೀಬೆ ತೋಟವನ್ನು ಬುಡಸಮೇತ ಕಿತ್ತು ಹಾಕಿತು. ಆ ಜೆಸಿಬಿಗೆ ಹಿಂದಿನ ಗಲ್ಲಿಯಿಂದ ದಾರಿ ತೋರಿಸಿದವನು ರೇವಂತ್. ಅಜ್ಜಿ ಹಾಸಿಗೆ ಹಿಡಿದವರು ಏಳಲಿಲ್ಲ. ಕುಸುಮಳ ಮನೆಯವರು ಊರು ಬಿಟ್ಟು ಬಸವೇಶ್ವರನಗರದ ಬಾಡಿಗೆ ಪೋರ್ಷನ್‌ಗೆ ಬಂದರು. "ಅಲ್ಲಿ ತೋಟಾನೇ ಇರ್ಲಿಲ್ಲ, ಖಾಲಿ ಜಾಗ" ಎಂದು ಮುನಿರಾಮಯ್ಯ ಕೋರ್ಟಿನಲ್ಲಿ ಹೇಳಿದ. ಕೇಸು ಇನ್ನೂ ನಡೆಯುತ್ತಿತ್ತು.

ರೇವಂತ್ ಈ ತಂಡದಲ್ಲಿ ಇದ್ದಾನೆಂದು ತಿಳಿದೇ ಕುಸುಮಾ ಬಂದಿದ್ದಳು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅವನಿಗೆ ನೋವಾಗಬೇಕು, ಅಷ್ಟು ಗೊತ್ತಿತ್ತು.

ನಾಟಕ ಆಡಿಸುತ್ತಿದ್ದವರು ರಿಟೈರ್ಡ್ ಹಿಸ್ಟರಿ ಮೇಷ್ಟ್ರು ವೆಂಕಟಗಿರಿ. ಎಲ್ಲರನ್ನೂ ಚಾಪೆ ಮೇಲೆ ಕೂರಿಸಿಕೊಂಡು ಕತೆ ಹೇಳಿದರು.

"ಇರಾಕ್ವಾ ಅಂದ್ರೆ ಅಮೆರಿಕದ ಮೂಲದೋರು, ಆರು ಕುಲಗಳ ಒಕ್ಕೂಟ. ಒಂದೇ ಬೆಂಕಿ ಸುತ್ತ ಕೂತು ಪಂಚಾಯ್ತಿ ಮಾಡ್ತಿದ್ದೋರು. ಅಲ್ಲಿ ನೆಲೆಸಿದ್ದ ಬಿಳಿಯರು, ಅಂದ್ರೆ ಅಮೆರಿಕನ್ನರು, ತಮ್ಮ ಬ್ರಿಟಿಷ್ ದೊರೆ ಮೇಲೇ ಸ್ವಾತಂತ್ರ್ಯಕ್ಕೆ ಯುದ್ಧ ಹೂಡಿದಾಗ ಆ ಬೆಂಕಿ ಆರಿಹೋಯ್ತು. ಒನೈಡಾ ಕುಲದ ಹೆಚ್ಚಿನೋರು ಅಮೆರಿಕನ್ನರ ಕಡೆ, ಕಯೂಗಾದೋರು ದೊರೆ ಕಡೆ. ನೆಂಟರು ನೆಂಟರೇ ಕಡಿದಾಡಿದ್ರು. ಅಮೆರಿಕನ್ನರ ದಂಡು ಬಂದು ಕಯೂಗಾ ಹಳ್ಳಿಗಳನ್ನ ಸುಟ್ಟು, ಪೀಚ್ ಮರಗಳನ್ನ ಕಡಿದು ಹಾಕ್ತು."

"ಕೊನೆಗೆ ಯಾರು ಗೆದ್ರು ಸಾರ್?" ರೇವಂತ್ ಕೇಳಿದ.

"ಇವರಲ್ಲಂತೂ ಯಾರೂ ಇಲ್ಲ. ದೊರೆ, ಅಮೆರಿಕನ್ನರು ಸಂಧಿ ಮಾಡ್ಕೊಂಡಾಗ ಇವರನ್ನ ಒಂದು ಮಾತೂ ಕೇಳ್ಲಿಲ್ಲ. ಅಮೆರಿಕನ್ನರಿಗೆ ಹೆಗಲು ಕೊಟ್ಟ ಒನೈಡಾದೋರ ನೆಲಾನೂ ಆಮೇಲೆ ಹೋಯ್ತು."

ರೇವಂತನಿಗೆ ದಂಡಿಗೆ ದಾರಿ ತೋರಿಸಿದ ಒನೈಡಾ ತರುಣನ ಪಾತ್ರ ಸಿಕ್ಕಿತು. ಕುಸುಮಾ, ಅವನು ಪ್ರೀತಿಸಿದ ಕಯೂಗಾ ಹೆಣ್ಣು. ಸೆರೆ ಸಿಕ್ಕವನು ಸಾಯಬೇಕೋ, ಸತ್ತವರ ಜಾಗಕ್ಕೆ ಮನೆಯವನಾಗಿ ಬದುಕಬೇಕೋ ಎಂದು ಹೇಳುವ ಹಕ್ಕು ಆ ಕುಲದ ಹೆಂಗಸರದ್ದು. ಕೊನೆಯ ದೃಶ್ಯದಲ್ಲಿ ಕುಸುಮಾ ಅವನನ್ನು ಉಳಿಸಬೇಕಿತ್ತು.

ಪಾತ್ರ ಕೇಳಿದ ಕ್ಷಣವೇ ಅವಳಿಗೆ ದಾರಿ ಹೊಳೆಯಿತು. ನಾಟಕಕ್ಕೆ ದುಡ್ಡು ಕೊಟ್ಟಿದ್ದ ಮುನಿರಾಮಯ್ಯನೇ ಶೋ ದಿನ ಚೀಫ್ ಗೆಸ್ಟ್.

ಆದರೆ ರಿಹರ್ಸಲ್ ಎಂಬುದು ಕೆಟ್ಟದ್ದು. ದಿನಾ ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು. ಅವಳು ಡೈಲಾಗ್ ಮರೆತರೆ ಅವನು ತುಟಿ ಅಲ್ಲಾಡಿಸಿ ನೆನಪಿಸುತ್ತಿದ್ದ. ಅವಳು ಬೇಕೆಂದೇ ಮರೆಯತೊಡಗಿದಳು. ಹಾಗೆ ಮರೆತ ಸಂಜೆಗಳಲ್ಲಿ ಮನೆಗೆ ಹೋಗಿ ತನ್ನ ಮೇಲೇ ಸಿಟ್ಟಾಗುತ್ತಿದ್ದಳು.

"ಕಟ್ಟು ಬಿಗಿಯಾಯ್ತಾ?" ಒಂದು ದಿನ ಅವನ ಕೈಗೆ ಹಗ್ಗ ಸುತ್ತುತ್ತಾ ಕೇಳಿದಳು.

"ಇನ್ನೂ ಬಿಗಿ ಕಣೇ. ನಿಂಗೆ ಸಮಾಧಾನ ಆಗೋವರೆಗೂ."

ಅವನು ನಗುತ್ತಿರಲಿಲ್ಲ. ಅವಳು ಬಿಗಿಯಾಗಿಯೇ ಎಳೆದಳು.

ಶೋ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಮುನಿರಾಮಯ್ಯ, ಶಲ್ಯ ಹೊದ್ದು. ಎರಡು ಸಾಲು ಹಿಂದೆ ಕುಸುಮಳ ಅಪ್ಪ ಅಮ್ಮ. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊನೆಯ ದೃಶ್ಯ. ರೇವಂತ್ ಕೈ ಕಟ್ಟಿಸಿಕೊಂಡು ಮಂಡಿಯೂರಿದ್ದ. ಉಳಿಸುವ ಮಾತು ಆಡಬೇಕಾದ ಕುಸುಮಾ ಮುಂದೆ ಬಂದು, ಆಟದಲ್ಲಿಲ್ಲದ ಪ್ರಶ್ನೆ ಕೇಳಿದಳು.

"ಮೊದಲು ಹೇಳು. ಮಲ್ಲತ್ತಹಳ್ಳೀಲಿ ನಮ್ಮಜ್ಜಿ ಬೋರಮ್ಮನ ಸೀಬೆ ತೋಟ ಕೀಳಿಸಿದ್ದು ಯಾರು?"

ಪರದೆ ಪಕ್ಕದಲ್ಲಿ ವೆಂಕಟಗಿರಿ ತಲೆ ಮೇಲೆ ಕೈ ಹೊತ್ತರು. ರೇವಂತ್ ತೊದಲುತ್ತಾನೆ, ಬೆವರುತ್ತಾನೆ, ಎಲ್ಲರೆದುರು ಕುಗ್ಗುತ್ತಾನೆ ಎಂದುಕೊಂಡಿದ್ದಳು ಕುಸುಮಾ. ಅವಳು ಕಾದಿದ್ದು ಅದಕ್ಕೇ.

ಅವನು ತಲೆಯೆತ್ತಿದ.

"ನಮ್ಮಪ್ಪ. ದಾರಿ ತೋರಿಸಿದ್ದು ನಾನು. ಬೇಲಿ ಹಾಕ್ಸೋಕೆ ಅಂದಿದ್ರು. ಮೊದಲ ಮರ ಬಿದ್ದಾಗ ಗೊತ್ತಾಯ್ತು. ಆಗ್ಲೂ ನಾನು ಬಾಯಿ ಬಿಡ್ಲಿಲ್ಲ. ಅಲ್ಲಿ ತೋಟ ಇತ್ತು. ಕೋರ್ಟಲ್ಲೂ ಇದನ್ನೇ ಹೇಳ್ತೀನಿ."

ಮುನಿರಾಮಯ್ಯ ಎದ್ದು ನಿಂತ. "ಲೇ! ನನ್ನ ಮನೆ ಹೊಸ್ತಿಲು ತುಳಿದೀಯ ಜೋಕೆ!" ಶಲ್ಯವನ್ನು ಕುರ್ಚಿ ಮೇಲೆ ಬಿಸಾಕಿ ಹೊರನಡೆದ. ಎಲ್ಲರೂ ತಿರುಗಿ ಅವನನ್ನೇ ನೋಡಿದರು.

ಸುಳ್ಳು ಯಾಕೆ, ಕುಸುಮಳಿಗೆ ಅದು ಹಿತವಾಗಿಯೇ ಇತ್ತು. ಅಜ್ಜಿ ಬದುಕಿದ್ದು ಇದನ್ನು ನೋಡಬೇಕಿತ್ತು ಎನಿಸಿತು. ಆದರೆ ಎದುರಿಗೆ ಮಂಡಿಯೂರಿದ್ದವನ ಮಣಿಕಟ್ಟಿನಲ್ಲಿ ಹಗ್ಗ ಕೆಂಪಗೆ ಬರೆ ಎಳೆದಿತ್ತು, ಅವನು ಇನ್ನೂ ಅವಳ ಮಾತಿಗೇ ಕಾಯುತ್ತಿದ್ದ.

"ಇವನನ್ನ ಕೊಲ್ಲಬೇಡಿ," ಎಂದಳು ಕೊನೆಗೆ, ಆಟದ ಮಾತನ್ನೇ. "ನಮ್ಮ ಮನೆಗೆ ಕರ್ಕೊಂಡು ಹೋಗ್ತೀನಿ."

ಬಣ್ಣ ಒರೆಸಿಕೊಂಡು ರೇವಂತ್ ಹೊರಗೆ ಬಂದಾಗ ಅವಳು ಸ್ಕೂಟರ್ ಪಕ್ಕ ನಿಂತಿದ್ದಳು.

"ಮುಂಚೇನೇ ಯಾಕೋ ಹೇಳ್ಲಿಲ್ಲ?"

"ನೀನು ಕೇಳೋಕೆ ಬರ್ತೀಯ ಅಂತ ಕಾದೆ. ಅದೂ ಹೇಡಿತನಾನೇ." ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕೇಳಿದ. "ನೀನು ಕೊನೇಲಿ ಹೇಳಿದ್ದು, ನಾಟಕದ ಮಾತಾ?"

"ನಾಟಕದ್ದೇ. ನನ್ನ ಮಾತು ಬೇರೆ ಇದೆ. ಸ್ಟೇಜ್ ಮೇಲೆ ಹೇಳಿದ್ದು ಸಾಲ್ದು, ಈಗ್ಲೇ ಮನೆಗೆ ಬಂದು ನಮ್ಮಪ್ಪನ ಎದುರು ನಿಂತು ಅದನ್ನೇ ಹೇಳು. ನಾಳೆ ಲಾಯರ್ ಹತ್ರ ಹೇಳು. ನಿಮ್ಮಪ್ಪ ಪೂರ್ತಿ ಸೋಲೋದನ್ನ ನಾನು ನೋಡ್ಬೇಕು."

"ಆಮೇಲೆ?"

"ಆಮೇಲಿಂದು ಆಮೇಲೆ. ಹತ್ತು."

ಅವನು ಹಿಂದೆ ಕೂತ, ಒಂದು ಗೇಣು ದೂರದಲ್ಲಿ, ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡು. ವಿಜಯನಗರದ ತಿರುವಿನಲ್ಲಿ ಗಾಡಿ ಹಂಪ್ ಮೇಲೆ ಎಗರಿತು.

"ಬೀಳ್ತೀಯ. ಹಿಡ್ಕೋ."

"ಕುಸುಮಾ..."

"ಕ್ಷಮಿಸಿಲ್ಲ ಕಣೋ. ಹಿಡ್ಕೋ ಅಂದೆ, ಅಷ್ಟೇ."

ಅವನು ಅವಳ ಹೆಗಲು ಹಿಡಿದ. ಬಸವೇಶ್ವರನಗರದ ಮನೆಗೆ ಹತ್ತಿರದ ದಾರಿ ಬೇರೆ ಇತ್ತು. ಅವಳು ಸುತ್ತಿನ ದಾರಿಗೆ ಗಾಡಿ ತಿರುಗಿಸಿದಳು.