ಟೈಲರಜ್ಜನ ಬುದ್ಧಿ ಕದ್ದ ಕೈ

“ಈ ಹೆಂಗಸು ಕಳ್ಳಿ! ಮೊದಲು ಆಚೆ ಹಾಕಿ!”

ಅಪ್ಪ ತನ್ನತ್ತಲೇ ಬೆರಳು ಮಾಡಿ ಹೀಗೆ ಕೂಗಿದಾಗ ಮಗಳಿಗೆ ಭೂಮಿಯಾದರೂ ಬಾಯಿಬಿಡಬಾರದೇ ಅನ್ನಿಸಿತು. ಸೊಂಟದ ಮೂಳೆಯ ಆಪರೇಷನ್ ಚೆನ್ನಾಗಿಯೇ ಆಗಿತ್ತು. ನಗುನಗುತ್ತಾ ಒಳಗೆ ಹೋಗಿದ್ದ, ವಾರ್ಡಿಗೆಲ್ಲ ಟೈಲರಜ್ಜನಾಗಿದ್ದ ಅಪ್ಪ ಈಗ ಕೈಗೆ ಚುಚ್ಚಿದ್ದ ಸೂಜಿ ಕಿತ್ತೆಸೆದು, ಮೂಲೆಯಲ್ಲಿ ಯಾರೋ ನಿಂತಿದ್ದಾರೆಂದು ನಡುಗುತ್ತಿದ್ದರು.

“ಸಂಜೆಗೂ ಹೀಗೇ ಇದ್ರೆ ಕೈ ಕಟ್ಟಿಹಾಕ್ತಾರಂತೆ,” ಅಣ್ಣ ಸೋತ ದನಿಯಲ್ಲಿ ಹೇಳಿದ. “ಆಮೇಲೆ ಬುದ್ಧಿ ಕೆಟ್ಟೋರನ್ನ ಇಟ್ಕೊಳ್ಳೋ ಕಡೆ ಸೇರಿಸೋದೇ. ನಂಗಂತೂ ಕೈಲಾಗಲ್ಲ.”

“ಅಯ್ಯೋ, ಬೇಡ ಕಣೋ!” ಅವಳು ಕೈಚೀಲವನ್ನು ಎದೆಗವಚಿಕೊಂಡು ಮುದುಕರ ಡಾಕ್ಟರಮ್ಮನ ಬಳಿಗೆ ಓಡಿದಳು. ‘ವಯಸ್ಸಾಯ್ತು, ಅದಕ್ಕೇ’ ಎಂಬ ಮಾತನ್ನು ಎಂದೂ ಒಪ್ಪದೆ ಆಕೆ ನಿಜವಾದ ಕಾರಣ ಹುಡುಕುತ್ತಿದ್ದುದರಿಂದ ಆಸ್ಪತ್ರೆಯವರೆಲ್ಲ ಆಕೆಗೆ ಪತ್ತೇದಾರಮ್ಮ ಅನ್ನುತ್ತಿದ್ದರು. “ಯಾರೋ ಅಪ್ಪಂಗೆ ಏನೋ ಮಾಡಿದಾರೆ ಡಾಕ್ಟ್ರೇ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರು ಅಂತ ಹಿಡಿದುಕೊಡಿ.”

ಪತ್ತೇದಾರಮ್ಮ ಬಂದು ಕಣ್ಣಾಡಿಸಿದರು. ಹಗಲಲ್ಲೂ ಎಳೆದಿದ್ದ ಪರದೆ. ಅಪ್ಪನ ಮೂಗಿನ ಎರಡೂ ಬದಿಗೆ ಹಳೆಯ ತಗ್ಗು. ಒಣಗಿ ಬಿರಿದ ತುಟಿ, ಅಗಲವಾಗಿ ಅರಳಿದ ಕಣ್ಣಪಾಪೆ. ದೂರದಿಂದ ಮಾತಾಡಿಸಿದರೆ ಪಿಳಿಪಿಳಿ ನೋಡುತ್ತಿದ್ದವರು, “ಏನು ಕೆಲಸ ಮಾಡ್ತಿದ್ರಿ?” ಎಂದು ಕಿವಿಗೆ ಬಾಯಿಟ್ಟು ಕೇಳಿದಾಗ, “ಹೊಲಿಗೆ,” ಎಂದರು. ರಕ್ತ, ಮೂತ್ರದ ಪರೀಕ್ಷೆಗಳೂ ಆದವು.

ಸಂಜೆ ಸರ್ಜನ್, ನರ್ಸು, ಅಣ್ಣ, ಮಗಳು ಮಂಚದ ಸುತ್ತ ಸೇರಿದರು. ಕೈ ಕಟ್ಟುವ ಪಟ್ಟಿಯೂ ಬಂದಿತ್ತು.

“ಸೋಂಕಿಲ್ಲ. ನರ್ಸು ಕೊಟ್ಟ ಔಷಧದಲ್ಲೂ ತಪ್ಪಿಲ್ಲ,” ಎಂದರು ಪತ್ತೇದಾರಮ್ಮ. “ಮೂಗಿನ ತಗ್ಗು ಕನ್ನಡಕದ್ದು. ಅದೆಲ್ಲಿ? ಹತ್ತಿರ ಮಾತಾಡಿದ್ರೆ ಉತ್ತರ ಕೊಡ್ತಾರೆ, ಅಂದ್ರೆ ಕಿವಿಯಂತ್ರ ಹಾಕೋರು. ಅದೆಲ್ಲಿ? ಕಣ್ಣು ಕಾಣದೆ, ಕಿವಿ ಕೇಳದೆ ಕತ್ತಲಲ್ಲಿ ಬಿದ್ದೋರಿಗೆ ಸಲೈನ್ ಕಂಬವೂ ಮನುಷ್ಯನ ಹಾಗೇ ಕಾಣುತ್ತೆ. ಇನ್ನು ಈ ಒಣ ತುಟಿ, ಅರಳಿದ ಪಾಪೆ. ತುರಿಕೆಗೆ ತಗೊಳ್ಳೋ, ನಿದ್ದೆ ಬರಿಸೋ ಮಾತ್ರೆ ಯಾರೋ ಕೊಟ್ಟಿದಾರೆ. ವಯಸ್ಸಾದೋರಿಗೆ ಅದು ಮಂಕು ಹಿಡಿಸುತ್ತೆ. ಬಂದಾಗಿಂದ ನೀವು ಆ ಚೀಲ ಕೆಳಗಿಟ್ಟಿಲ್ಲ ತಾಯಿ. ತೆಗೀರಿ.”

ಕನ್ನಡಕ, ಕಿವಿಯಂತ್ರ, ಮಾತ್ರೆ ಮೂರೂ ಹೊರಬಂದವು. ಮಗಳ ಮುಖ ಬಿಳಿಚಿತು.

“ಆಪರೇಷನ್ನಿಗೆ ಮುಂಚೆ ಬಿಚ್ಚಿ ಕೊಟ್ರು. ಎಲ್ಲಾದ್ರೂ ಕಳೆದುಹೋಗುತ್ತೆ ಅಂತ ಜೋಪಾನ ಮಾಡ್ದೆ. ನಿದ್ದೆ ಮಾಡ್ಲಿ ಅಂತ ನನ್ನ ಮಾತ್ರೆ ಹಾಲಿಗೆ ಹಾಕ್ದೆ... ನಾನೇನಾ? ಅಪ್ಪನ್ನ ನಾನೇ ಹೀಗ್ ಮಾಡಿದ್ನಾ?”

“ನೀವು ಪ್ರೀತಿಯಿಂದ ಮಾಡಿದ್ರಿ. ಕೇಳಬೇಕಿದ್ದ ನಾವೂ ಕೇಳಲಿಲ್ಲ. ಕನ್ನಡಕ, ಕಿವಿಯಂತ್ರ ಹಾಕಿ, ಮಾತ್ರೆ ನಿಲ್ಲಿಸಿ, ಪರದೆ ಸರಿಸಿ, ಕೂರಿಸಿ ಮಾತಾಡಿಸ್ತಾ ಇರಿ. ಕೈ ಕಟ್ಟೋದು ಬೇಡ. ಮಂಕು ಒಂದೇ ಸಲಕ್ಕೆ ಇಳಿಯಲ್ಲ, ಪೂರ್ತಿ ಇಳಿಯುತ್ತೆ ಅಂತ ಮಾತೂ ಕೊಡಲಾರೆ.”

ಮರುದಿನವೂ ಅಪ್ಪ ಅವಳನ್ನು ಕಳ್ಳಿ ಎಂದೇ ಬೈದರು. ಅವಳು ಕಲ್ಲಾಗಿ ಕೂತು, “ನಾನಪ್ಪ, ನಿನ್ನ ಮಗಳು,” ಎಂದು ಹೇಳುತ್ತಲೇ ಇದ್ದಳು. ಆಮೇಲೊಂದು ಬೆಳಿಗ್ಗೆ ಅಪ್ಪ ಕನ್ನಡಕ ಸರಿಮಾಡಿಕೊಂಡು ಅವಳ ರವಿಕೆಯ ಭುಜವನ್ನೇ ದಿಟ್ಟಿಸಿದರು.

“ಈ ತೋಳು ಯಾರು ಕೂರಿಸಿದ್ದು? ಎಲ್ಲಾ ಸುಕ್ಕು. ಮನೆಗೆ ಹೋದ್ಮೇಲೆ ಕೊಡು, ಬಿಚ್ಚಿ ಹೊಲೀತೀನಿ.”

ಅವಳು ಗೊಳೋ ಎಂದು ಅತ್ತುಬಿಟ್ಟಳು.

“ಮೆಲ್ಲಗೆ ಅಳು ಮಗಳೇ,” ಎಂದರು ಅಪ್ಪ. “ನಂಗೆ ಕೇಳ್ಸುತ್ತೆ.”