ಬಲಗೈಯ ಹಚ್ಚೆ

ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಂದು ಕುಪ್ಪಿ ಇರಲಿಲ್ಲ!

ಬೆರಳುದ್ದದ ಗಾಜಿನ ಕುಪ್ಪಿ. ಒಳಗಿದ್ದುದು ಕ್ಷಯದ ಲಸಿಕೆ. ಹಲ್ಲು ಕಿತ್ತ ಹಾವಿನಂತೆ ಪಳಗಿಸಿದ, ಆದರೆ ಇನ್ನೂ ಜೀವವಿರುವ ಕ್ರಿಮಿಗಳು. ೧೯೪೯ರ ಚಳಿಗಾಲದಲ್ಲಿ ಗಡಹಿಂಗ್ಲಜದ ಹೊರಗಿನ ಗುಡ್ಡದ ಆಸ್ಪತ್ರೆಗೆ ಅದು ಮೊದಲ ಸಲ ಬಂದಿತ್ತು. ಸಂಜೆ ಕೊಲ್ಹಾಪುರದ ಮೋಟಾರಿನಿಂದ ಇಳಿದ ಪೆಟ್ಟಿಗೆಯನ್ನು ಡಾಕ್ಟರ್ ಬಾಹುಬಲಿ ತಾವೇ ನೋಡಿ ಮುಚ್ಚಿದ್ದರು. ಬೆಳಗಾಗುವಷ್ಟರಲ್ಲಿ ಒಂದು ಮಾಯ!

ಪೊಲೀಸ್ ಫೌಜದಾರ ಜಿನಗೊಂಡ ಬಂದರು. ಹೆಂಡತಿ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ ಮನುಷ್ಯ. ಬಗಲಲ್ಲಿ ಬುತ್ತಿಯ ಗಂಟು. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ವ್ರತ.

"ಪೆಟಗಿ ಹತ್ರ ರಾತ್ರಿ ಯಾರಿದ್ರಿ?"

"ನಾನ ಇದ್ನಿರಿ ಸಾಹೇಬ್ರ, ಬರ್ಫ ಹಾಕಾಕ," ಎಂದ ಜವಾನ ಧೋಂಡಿಬಾ.

"ನಿದ್ದಿ ಹತ್ತಿತ್ತೇನು?"

"ಬಡವಗ ಪುಕ್ಕಟ ಸಿಗೂದು ನಿದ್ದಿ ಒಂದರಿ. ಬ್ಯಾಡ ಅನ್ನಾಕ ಆಗಲಿಲ್ಲ."

ಕಂಪೌಂಡರ್ ಜಯಪಾಲ ಸಿಡಿದ: "ಇವನ ಒಡದು ಮುಚ್ಚಿಟ್ಟಾನ್ರಿ!"

"ಹೌದ್ರಿಪಾ! ನೀವ ಯಾವ ಶೇಠಜಿಗೆ ಮಾರಿದ್ರಿ ಅಂತ ನಾ ಕೇಳಿದ್ನ್ಯಾ?"

ಒಡೆದಿದ್ದರೆ ಗಾಜಿನ ಚೂರು ಎಲ್ಲಿ? ಮಾರುವವನಾದರೆ ಒಂದನ್ನೇ ಏಕೆ ಒಯ್ದ? ಜಿನಗೊಂಡ ಪೆಟ್ಟಿಗೆಯ ಸುತ್ತಲಿನ ನೆಲ ತಡಕಿ ನೋಡಿದರು. ಆದರೆ ಡಾಕ್ಟರು ಕಾಯಲಿಲ್ಲ. ಕುಪ್ಪಿಯ ಸುಳಿವು ಸಿಗುವವರೆಗೆ ಧೋಂಡಿಬಾನಿಗೆ ಕೆಲಸವಿಲ್ಲ ಎಂದರು. ಮನೆಯಲ್ಲಿ ಹಸಿದ ಹೊಟ್ಟೆಗಳಿದ್ದವು. ಅವನು ತಲೆಯ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು ಗುಡ್ಡ ಇಳಿದುಹೋದ.

ಪಡಸಾಲೆಯಲ್ಲಿ ಒಬ್ಬಳು ನೆಲ ಸಾರಿಸುತ್ತಿದ್ದಳು. ನೇಸರಿಯ ಕುರಿ ಕಾಯುವ ಮನೆತನದ ನಾಗೂಬಾಯಿ. ಗಂಡ ಜೋತಿಬಾ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಹೋಗಿ, ಎದೆಯಲ್ಲಿ ಕ್ಷಯ ಕಟ್ಟಿಕೊಂಡು ನೇರ ಈ ಆಸ್ಪತ್ರೆಗೇ ಬಂದಿದ್ದ. ಅವನ ಹತ್ತಿರವಿರಲೆಂದೇ ಅವಳು ಇಲ್ಲಿ ಕೆಲಸ ಹಿಡಿದಿದ್ದಳು. ಆದರೂ ಅವನ ಮಂಚದ ಬಳಿ ಕೂಡುವ ಭಾಗ್ಯ ಅವಳಿಗಿರಲಿಲ್ಲ. ಡಾಕ್ಟರ ಕಟ್ಟಳೆಯೇ ಹಾಗಿತ್ತು: ಎಲ್ಲರ ಎಡಗೈಗೂ ಪರೀಕ್ಷೆಯ ಸೂಜಿ, ಚುಚ್ಚಿದಲ್ಲಿ ಕೆಂಪಾಗಿ ಉಬ್ಬಿದವರು ಒಳಗೆ ಹೋಗಬಹುದು, ಉಬ್ಬದವರು ಹೊರಗೆ. ನಾಗೂಬಾಯಿಯ ಕೈ ಸಪಾಟಾಗಿಯೇ ಉಳಿದಿತ್ತು. ಕೆಲಸ ಮುಗಿದ ಮೇಲೆ ಅವಳು ಕಿಟಕಿಯಾಚೆಯ ಬೇವಿನ ಬುಡದಲ್ಲಿ ಒಬ್ಬಳೇ ಕೂಡುತ್ತಿದ್ದಳು.

"ಯಾಕ ಈ ಕಟ್ಟಳಿ?" ಎಂದು ಜಿನಗೊಂಡ ಕೇಳಿದರು.

"ರಕ್ತದಾಗ ಬಿಳಿ ಕಣ ಅದಾವ, ಕಾವಲಿನವು," ಎಂದರು ಡಾಕ್ಟರು. "ಹೊಸಾ ಕ್ರಿಮಿ ಬಂದ್ರ ಅವಕ್ಕ ಗುರುತು ಸಿಗೂದಿಲ್ಲ. ತಡಾ ಮಾಡಿ ಕೂಡತಾವ, ಸುತ್ತಗಟ್ಟಿ ಗಂಟು ಕಟ್ಟತಾವ. ಒಮ್ಮೆ ಗುರುತು ಹತ್ತಿತಂದ್ರ, ಮುಂದಿನ ಸಲ ಓಡಿ ಬರತಾವ. ಅದಕ್ಕ ಕೈ ಕೆಂಪಾಗತೈತಿ. ಗುರುತು ಇಲ್ಲದವರನ್ನ ಒಳಗ ಬಿಟ್ರ ರೋಗ ಹಿಡೀತೈತಿ. ಈ ಲಸಿಕಿ ಆ ಗುರುತು ಕಲಿಸೂದು."

"ಹಂಗಾರ ನಮ್ಮ ಕುರಿ ಕಾಯೂ ನಾಯಿ ಇದ್ದಂಗ ಬಿಡ್ರಿ," ನಾಗೂಬಾಯಿ ಅರಿವೆ ಹಿಂಡುತ್ತ ನಕ್ಕಳು. "ತ್ವಾಳ ಒಮ್ಮೆ ಕಂಡ ನಾಯಿ, ಮುಂದ ವಾಸನಿಗೇ ಬೊಗಳತೈತಿ. ನನಗ ಒಂದೀಟು ಹಾಕ್ರಿ ಅಂದ್ರ, ಮಕ್ಕಳಿಗೆ ಮೊದಲು ಅಂತಾರ ಡಾಕ್ಟರ್ ಸಾಹೇಬ್ರು."

ಅವಳ ಬಲಗೈ ಮೇಲೆ ಹಸಿ ಹಚ್ಚೆಯಿತ್ತು. ಅರ್ಧಚಂದ್ರ, ಸುತ್ತ ಚುಕ್ಕಿಗಳು, ಅಂಚಿನಲ್ಲಿ ಎಳೆಗೆಂಪು.

"ಹೊಸಾ ಹಚ್ಚಿ ಏನವ್ವಾ?"

"ಹೌದ್ರಿ. ಆಂವ ಒಳಗ, ನಾ ಹೊರಗ. ಜೋಡಿಗೆ ಇದಾದ್ರೂ ಇರಲಿ ಅಂತ ನಾನ ಚುಚ್ಚಿಕೊಂಡ್ನಿ."

ಮುಂದಿನ ವಾರ ಜಿನಗೊಂಡ ಬಂದಾಗ ಆ ಹಚ್ಚೆ ಮಾಗಿ, ಚರ್ಮ ನುಣುಪಾಗಿತ್ತು. ಕುಪ್ಪಿಯ ಸುದ್ದಿ ಮಾತ್ರ ಇರಲಿಲ್ಲ.

ತಿಂಗಳು ಉರುಳಿತು. ಜಿನಗೊಂಡ ಧೋಂಡಿಬಾನ ಗುಡಿಸಲಿಗೆ ಹೋದರು.

"ಹೆಂಗ ನಡದೈತೋ?"

"ದೇವರ ನಡಸಾಕತ್ತಾನ್ರಿ. ದಿನಾ ನಸುಕಿನ್ಯಾಗ ಯಾರೋ ಬಾಗಲದಾಗ ಆಡಿನ ಹಾಲು ಇಟ್ಟು ಹೋಗತಾರ."

ಕಳ್ಳನೆಂದು ಹೆಸರಾದವನ ಬಾಗಿಲಿಗೆ ಹಾಲು! ಅವನು ಕಳ್ಳನಲ್ಲವೆಂದು ಅಷ್ಟು ಖಾತ್ರಿಯಾಗಿ ಬಲ್ಲವರು ಯಾರು?

ಅವರು ಗುಡ್ಡ ಹತ್ತಿದರು. ಬೇವಿನ ಮರಕ್ಕೆ ನಾಗೂಬಾಯಿಯ ಆಡು ಕಟ್ಟಿತ್ತು. ಡಾಕ್ಟರ ಮುಖ ಕಳೆಗುಂದಿತ್ತು.

"ನಾಗೂಬಾಯಿ ಎಡಗೈ ಈ ಸಲದ ಪರೀಕ್ಷಾದಾಗ ಕೆಂಪಾಗೇತ್ರಿ, ಫೌಜದಾರ್ರ. ಪಾಪ, ರೋಗ ಅಂಟೇತಿ. ಆದ್ರ ಒಳಗ ಕಾಲ ಇಟ್ಟಿಲ್ಲ—ಹೆಂಗ ಅಂಟಿತು?"

ಜಿನಗೊಂಡ ನಾಗೂಬಾಯಿಯನ್ನು ಕರೆದರು. "ಬಲಗೈ ತೋರಸವ್ವಾ."

ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಚಾಚಿದಳು. ಹಚ್ಚೆಯ ಒಂದೊಂದು ಚುಕ್ಕಿಯೂ ಗಂಟಾಗಿ ಎದ್ದಿತ್ತು!

"ನೀವು ಎಡಗೈ ಅಷ್ಟ ನೋಡಿದ್ರಿ, ಡಾಕ್ಟರ," ಎಂದರು ಜಿನಗೊಂಡ. "ಸೂಜಿ ಗಾಯ ಮೊದಲ ಬಾತು, ಆಮ್ಯಾಲ ಮಾಗತೈತಿ. ಇದು ಮಾಗಿ, ಆಮ್ಯಾಲ ಬಾತೇತಿ! ರೋಗ ಮೊದಲ ಮೈಯಾಗ ಇದ್ದಿದ್ರ ಕಾವಲಿನವಕ್ಕ ಗುರುತಿರತಿತ್ತು, ಗಂಟು ಲಗೂನ ಏಳತಿತ್ತು. ಇವು ತಡಾ ಮಾಡಿ ಎದ್ದಾವ. ಅಂದ್ರ ಕಾವಲು ಗುರುತು ಕಲತದ್ದು ಈ ಚುಕ್ಕಿಯಾಗ, ರೋಗದಿಂದಲ್ಲ. ಹಚ್ಚಿ ಚುಚ್ಚೂ ಕಾಡಗ್ಯಾಗ ಏನ ಕಲಸಿದಿ, ನಾಗೂಬಾಯಿ?"

ಅವಳು ಕಾಲ ಮುಂದಿನ ನೆಲ ನೋಡಿದಳು. "ಕುಪ್ಪಿ ನಾನ ಒಯ್ದೇನ್ರಿ. ಧೋಂಡಿಬಾಗ ಏಟು ಬೀಳತೈತಿ ಅಂತ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಬಾಯಿ ಬರಲಿಲ್ಲ. ಹಾಲು ಇಟ್ಟು ಬಂದೆ. ಕಳ್ಳಿ ಅನ್ರಿ, ಬೇಡಿ ಹಾಕ್ರಿ. ಆದ್ರ ಒಂದು ಹೇಳ್ರಿ ಡಾಕ್ಟರ್ ಸಾಹೇಬ್ರ, ಕೈ ಕೆಂಪಾಗೇತೋ ಇಲ್ಲೋ?"

ಡಾಕ್ಟರು ಅವಳ ಎಡಗೈ ಹಿಡಿದು ಮತ್ತೊಮ್ಮೆ ನೋಡಿದರು. ಆಮೇಲೆ, "ಆಗೇತವ್ವಾ," ಎಂದರು. "ಧೋಂಡಿಬಾಗ ನಾನ ಹೋಗಿ ಕೈ ಮುಗಿದು ಕರಕೊಂಡು ಬರತೇನಿ."

ಜಿನಗೊಂಡ ಪಡುವಣದ ಕಡೆ ನೋಡಿದರು. "ಹೊತ್ತು ಮುಳಗೂದರಾಗ ನನ್ನ ಊಟ ಆಗಬೇಕು. ನಿನ್ನ ಜಬಾನಿ ನಾಳೆ ಮುಂಜಾನೆ ಬರಕೋತೇನಿ. ಅಲ್ಲಿತನಕ ಎಲ್ಲಿ ಕುಂದರತಿ, ನೀನ ನೋಡಕೋ."

ಅವಳು ಓಡಲಿಲ್ಲ. ಕಾಲು ತೊಳೆದುಕೊಂಡು, ಸೆರಗು ಹೊದ್ದು, ಗುಡಿಯ ಹೊಸ್ತಿಲು ದಾಟುವವಳಂತೆ ಒಳಗೆ ಹೋದಳು.

ಜಿನಗೊಂಡ ಬೇವಿನ ಬುಡಕ್ಕೆ ಬಂದರು. ದಿನವೂ ಅವಳು ಕೂತು ಕೂತು ಅಲ್ಲಿ ಹುಲ್ಲು ಸವೆದು ನೆಲ ಕಾಣುತ್ತಿತ್ತು. ಅಲ್ಲಿಯೇ ಕೂತು ಬುತ್ತಿ ಬಿಚ್ಚಿದರು. ಕಿಟಕಿಯಿಂದ ಕೆಮ್ಮು ಕೇಳಿತು. ಹಿಂದೆಯೇ ಬೈಗುಳ: "ಎಷ್ಟ ಸೊರಗೀರಿ! ನನ್ನ ಆಡಾದ್ರೂ ನಿಮಗಿಂತ ಚಂದ ಐತಿ!"

ಕೆಮ್ಮಿನ ನಡುವೆ ಗಂಡಸಿನ ನಗು.

ತಣ್ಣಗಿನ ರೊಟ್ಟಿ ಮುರಿಯುತ್ತ ಜಿನಗೊಂಡ ಆ ಎರಡು ದನಿಗಳನ್ನೂ ಕೇಳುತ್ತಿದ್ದರು. ತಮ್ಮ ಮನೆಯ ಬೀಗದ ಕೈ ಜೇಬಿನಲ್ಲಿ ಭಾರವಾಗಿತ್ತು. ಕಡೆಯ ತುತ್ತು ಮುಗಿದಾಗ ಹೊತ್ತು ಮುಳುಗಿತು.