ಸತ್ತ ಮೊಲದ ಪ್ರತಿಕಾಯ

ಭಾನುವಾರ ಬೆಳಿಗ್ಗೆ ಬೆಸೆಂಟ್ ನಗರದ ಅಂಬುಜಮ್ಮನವರ ಮನೆಯ ಕರೆಗಂಟೆ ಒಂದೇ ಸಮನೆ ಬಡಿದುಕೊಂಡಾಗ ಮುರಳೀಧರ ಅಲ್ಲೇ ಕೂತು, ಅವರ ಕಾಫಿ ಕುಡಿಯುತ್ತ, ಅವರದೇ ಪೇಪರು ಓದುತ್ತಿದ್ದರು. ರೈಲ್ವೆಯಿಂದ ನಿವೃತ್ತರಾದ ಮೇಲೆ ಪಕ್ಕದ ಮನೆಯ ಅವರಿಗೆ ಇದೇ ಡ್ಯೂಟಿ. ಅಂಬುಜಮ್ಮ ವಿಮಾ ಕಂಪನಿಯಲ್ಲಿ ತನಿಖಾಧಿಕಾರಿಯಾಗಿದ್ದವರು. ಸುಟ್ಟ ಗೋದಾಮು, ಮುಳುಗಿದ ದೋಣಿ ನೋಡಿ ನೋಡಿ ಸುಳ್ಳಿನ ವಾಸನೆ ಅವರಿಗೆ ಬೇಗ ಬಡಿಯುತ್ತಿತ್ತು. ಅವರು ಪತ್ತೆ ಮಾಡಿದ್ದನ್ನೆಲ್ಲ ಊರಿಗೆ ಸಾರಿಕೊಂಡು ಬರುವುದು ಮುರಳೀಧರರ ಪಾಲಿನ ಕೆಲಸ.

ಬಂದವಳು ನಿಖಿತಾ, ಮುರಳೀಧರರ ತಮ್ಮನ ಮಗಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಸತ್ತಿಯಮಾ ನಾನ್ ಪಣ್ಣಲೆ, ದೊಡ್ಡಪ್ಪಾ!" ಅಳು ಬಂದರೆ ಅವಳ ಬಾಯಿಗೆ ಬರುವುದು ತಮಿಳೇ. "ದೇವರಾಣೆ ನಾನು ಮಾಡಿಲ್ಲ. ನಾಳೆ ನನ್ನನ್ನ ಲ್ಯಾಬಿಂದ ತೆಗೆದುಹಾಕ್ತಾರೆ. ನನ್ನ ಪಿಎಚ್‌ಡಿ ಅಷ್ಟೇ, ಮುಗೀತು."

ಮುರಳೀಧರ ಪೇಪರು ಕೆಳಗಿಟ್ಟರು. ಇಡೀ ಮನೆತನದಲ್ಲಿ ಡಾಕ್ಟರೇಟಿನ ಹತ್ತಿರ ಹೋದವಳು ಇವಳೊಬ್ಬಳೇ.

"ಮೊದಲು ನೀರು ಕುಡಿಯಮ್ಮ," ಎಂದರು ಅಂಬುಜಮ್ಮ. "ಆಮೇಲೆ ಹೇಳು, ಏನು ಮಾಡಿಲ್ಲ ನೀನು?"

ನಿಖಿತಾ ತಿರುವೊಟ್ಟಿಯೂರಿನ ನೆಯ್ದಲ್ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ವಿಷ್ಣುಮೂರ್ತಿಯವರ ವಿದ್ಯಾರ್ಥಿನಿ. ನಮ್ಮ ಜೀವಕೋಶದೊಳಗಿನ ಡಿಎನ್‌ಎ ತುಂಡಾದಾಗ ಅದನ್ನು ದುರಸ್ತಿ ಮಾಡುವ ಪ್ರೋಟೀನೊಂದಿದೆ. ಆ ಪ್ರೋಟೀನಿಗೆ ಮಾತ್ರ ಅಂಟಿಕೊಂಡು, ಅದಿರುವ ಜಾಗ ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯುವಂತೆ ಮಾಡುವ ಪ್ರತಿಕಾಯವನ್ನು ವಿಷ್ಣುಮೂರ್ತಿ ಬಹಳ ಹಿಂದೆ ಒಂದು ಮೊಲದ ರಕ್ತದಿಂದ ತೆಗೆದಿದ್ದರು. ಅವರ ಹೆಸರು, ಪ್ರಶಸ್ತಿ, ಸನ್ಮಾನ ಎಲ್ಲ ಅದರಿಂದಲೇ. ಮೊಲ ಸತ್ತು ವರ್ಷಗಳಾಗಿದ್ದವು. ಬೇರೆ ಮೊಲದಿಂದ ತೆಗೆದರೆ ಅದೇ ಪ್ರತಿಕಾಯ ಬರುವುದಿಲ್ಲ. ಉಳಿದಿದ್ದುದು ಪುಟ್ಟ ಟ್ಯೂಬಿನಲ್ಲಿದ್ದಷ್ಟೇ. ಅದೀಗ ಕೆಟ್ಟುಹೋಗಿದೆ, ಕೆಡಿಸಿದವಳು ನಿಖಿತಾ ಎಂಬುದು ಆರೋಪ.

"ಗುರುವಾರ ಚೆನ್ನಾಗೇ ಹೊಳೀತು ಆಂಟಿ. ಆದ್ರೆ ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿರೋ ಕೋಶಗಳಲ್ಲೂ ಹೊಳೀತು! ಅಲ್ಲಿ ಆ ಪ್ರೋಟೀನೇ ಇರಲ್ಲವಲ್ಲ, ನನಗೆ ಒಂದೇ ಕುಳಪ್ಪಂ, ಗೊಂದಲ. ಸರ್‌ಗೆ ತೋರಿಸಿದೆ, ಇನ್ನೊಂದು ಸಲ ಮಾಡು ಅಂದ್ರು. ಶುಕ್ರವಾರ ಟ್ಯೂಬನ್ನ ಐಸ್ ಡಬ್ಬಿಯಲ್ಲಿ ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ. ಬಂದು ಮಾಡಿದ್ರೆ ಯಾವುದೂ ಹೊಳೀಲಿಲ್ಲ. ನಾನು ಬುಧವಾರ ರಾತ್ರಿಯೆಲ್ಲ ಹೊರಗೆ ಬಿಟ್ಟು ಕೆಡಿಸಿದೀನಿ, ಗುರುವಾರದ್ದೂ ಅದಕ್ಕೇ ತಪ್ಪು ಬಂದಿದೆ ಅಂತಾರೆ ಸರ್."

"ಟ್ಯೂಬು ಈಗೆಲ್ಲಿದೆ?"

"ಫ್ರೀಜರಲ್ಲಿ. ಕೆಲಸ ಆದ್ಮೇಲೆ ನಾನೇ ಇಟ್ಟೆ. ಆವಾಗ್ಲೇ ಡೈರೆಕ್ಟರ್ ಬೀಗ ಹಾಕಿಸಿದ್ರು."

"ಊಟದ ಹೊತ್ತಲ್ಲಿ ಅಲ್ಲಿ ಯಾರ್ಯಾರಿದ್ರು?"

ಮೂವರಿದ್ದರು: ವಿಷ್ಣುಮೂರ್ತಿ, ಟೆಕ್ನಿಶಿಯನ್ ಜಯಲಕ್ಷ್ಮಮ್ಮ, ಹಿರಿಯ ವಿದ್ಯಾರ್ಥಿ ಶ್ರೀಕಾಂತ್. ಲೇಖನದಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಡಿದ ಮೇಲೆ ಶ್ರೀಕಾಂತ್ ಇವಳ ಜೊತೆ ಮಾತು ಬಿಟ್ಟಿದ್ದ.

"ಅವನೇ! ಇನ್ನು ಹುಡುಕೋದೇನಿದೆ?" ಎಂದರು ಮುರಳೀಧರ.

"ನಿಮಗೆ ರೈಲು ಕಾಣೋಕೆ ಮುಂಚೇನೇ ಬಾವುಟ ಬೀಸೋ ಚಟ ಕಣ್ರೀ."

"ಮತ್ತಿನ್ಯಾರು? ವಿಷ್ಣುಮೂರ್ತಿ ದೇವರಂಥ ಮನುಷ್ಯ." ಕನ್ನಡ ಸಂಘದಲ್ಲಿ ಅವರ ಭಾಷಣವಿದ್ದಾಗಲೆಲ್ಲ ಮುರಳೀಧರ ಮುಂದಿನ ಸಾಲಿನಲ್ಲಿ ಕೂತು ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದವರು. ನಿಖಿತಾಳನ್ನು ಅವರ ಬಳಿ ಕರೆದುಕೊಂಡು ಹೋಗಿ ಸೇರಿಸಿದವರೂ ಇವರೇ.

ಸೋಮವಾರ ಮೂವರೂ ತಿರುವೊಟ್ಟಿಯೂರಿಗೆ ಹೋದರು. ಕೇಂದ್ರದಲ್ಲಿ ಹಿಂದೆ ಬೆಂಕಿ ಬಿದ್ದಾಗ ವಿಮೆಯ ತನಿಖೆ ನಡೆಸಿದವರು ಅಂಬುಜಮ್ಮನೇ ಆದ್ದರಿಂದ ನಿರ್ದೇಶಕ ಗುರುಚರಣ ಬೇಡವೆನ್ನಲಿಲ್ಲ. ಜಯಲಕ್ಷ್ಮಮ್ಮ ಫ್ರೀಜರಿನ ಬೀಗ ತೆಗೆಯುತ್ತಿದ್ದಾಗ ಅಂಬುಜಮ್ಮ ಸುಮ್ಮನೆ ಮಾತಿಗೆಳೆದರು.

"ಇಂಥ ಅಪರೂಪದ್ದನ್ನ ಹೇಗಮ್ಮ ಕಾಪಾಡ್ತೀರಾ?"

"ಪದೇ ಪದೇ ಹೆಪ್ಪುಗಟ್ಟಿ ಕರಗಿದ್ರೆ ಹಾಳಾಗುತ್ತೆ ಅಮ್ಮ. ಅದಕ್ಕೇ ಹೋದ ವರ್ಷ ನಾನೂ ಶ್ರೀಕಾಂತೂ ಅರ್ಧಕ್ಕರ್ಧ ಗ್ಲಿಸರಿನ್ ಬೆರೆಸಿಟ್ವಿ. ಸರ್ ಆವಾಗ ಫಾರಿನ್ನಲ್ಲಿದ್ರು. ಅವರು ಲ್ಯಾಬ್ ಮೇಜಿಗೆ ಬರೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು ಬಿಡಿ."

ಅಂಬುಜಮ್ಮ ಟ್ಯೂಬನ್ನು ಎತ್ತಿ, ಬೆಳಕಿಗೆ ಹಿಡಿದು, ತಲೆಕೆಳಗೆ ಮಾಡಿದರು. ಒಳಗಿದ್ದುದು ಕದಲಲಿಲ್ಲ. ಅವರ ಹುಬ್ಬು ಮೇಲೇರಿದ್ದನ್ನು ಮುರಳೀಧರ ಕಂಡರು, ತಲೆಬುಡ ತಿಳಿಯಲಿಲ್ಲ. ಟ್ಯೂಬು ಮತ್ತೆ ಒಳಗೆ ಹೋಯಿತು.

ಎಲ್ಲರೂ ಗುರುಚರಣರ ಕೋಣೆಯಲ್ಲಿ ಸೇರಿದರು.

"ನನ್ನದು ಒಂದೇ ಪ್ರಶ್ನೆ," ಎಂದರು ಅಂಬುಜಮ್ಮ. "ಆ ಟ್ಯೂಬು ಸರಿಯಾಗಿದ್ರೆ ಫ್ರೀಜರಲ್ಲಿ ಹೇಗಿರುತ್ತೆ? ಪ್ರೊಫೆಸರ್ ಸಾಹೇಬರೇ ಮೊದಲು ಹೇಳ್ಲಿ."

ವಿಷ್ಣುಮೂರ್ತಿ ನಕ್ಕರು. "ಇದೇನಮ್ಮ ಪ್ರಶ್ನೆ? ಅಷ್ಟು ಚಳಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತೆ."

ಶ್ರೀಕಾಂತ್ ತಟ್ಟನೆ ತಲೆಯೆತ್ತಿದ. "ಇಲ್ಲ ಸರ್. ಅದರಲ್ಲಿ ಗ್ಲಿಸರಿನ್ ಇದೆ, ನೀರಾಗೇ ಇರುತ್ತೆ." ಜಯಲಕ್ಷ್ಮಮ್ಮನೂ ನಿಖಿತಾಳೂ ಹೌದೆಂದು ತಲೆಯಾಡಿಸಿದರು.

"ಜಾಮೂನಿನ ಪಾಕವನ್ನ ಫ್ರೀಜರಲ್ಲಿಟ್ರೂ ಐಸ್ ಆಗಲ್ಲವಲ್ಲ, ಹಾಗೆ," ಎಂದರು ಅಂಬುಜಮ್ಮ. "ಆದ್ರೆ ಈಗ ಒಳಗಿರೋದು ಗಟ್ಟಿ ಐಸ್. ಈ ಹುಡುಗಿ ಹೊರಗೆ ಬಿಟ್ಟು ಕೆಡಿಸಿದ್ರೂ ಗ್ಲಿಸರಿನ್ ಎಲ್ಲಿಗೂ ಹೋಗ್ತಿರಲಿಲ್ಲ. ಅಂದ್ರೆ ಪ್ರತಿಕಾಯ ಕೆಟ್ಟಿಲ್ಲ. ಅದನ್ನ ತೆಗೆದು ಬೇರೇನೋ ತುಂಬಿಟ್ಟಿದಾರೆ. ಗುರುವಾರ ಹೊಳೆದದ್ದು ಶುಕ್ರವಾರ ಹೊಳೀಲಿಲ್ಲ, ನಡುವೆ ಟ್ಯೂಬು ಒಂಟಿಯಾಗಿದ್ದದ್ದು ಊಟದ ಹೊತ್ತಲ್ಲಿ, ಐಸ್ ಡಬ್ಬಿಯಲ್ಲಿ. ಆವಾಗ ಅದು ಇನ್ನೂ ಹೆಪ್ಪುಗಟ್ಟಿರಲಿಲ್ಲ, ಅದಕ್ಕೇ ಇವಳಿಗೂ ತಿಳೀಲಿಲ್ಲ. ಗ್ಲಿಸರಿನ್ ವಿಷಯ ಗೊತ್ತಿದ್ದ ಈ ಮೂವರಲ್ಲಿ, ಶ್ರೀಕಾಂತ್, ಜಯಲಕ್ಷ್ಮಮ್ಮ, ನಿಖಿತಾ, ಯಾರು ಬದಲಾಯಿಸಿದ್ರೂ ಗ್ಲಿಸರಿನ್ ಸೇರಿಸದೆ ಬಿಡ್ತಿರಲಿಲ್ಲ, ಫ್ರೀಜರಿಗೆ ಹೋದ ಕೂಡಲೇ ಗುಟ್ಟು ರಟ್ಟಾಗುತ್ತೆ ಅಂತ ಅವರಿಗೆ ಗೊತ್ತು. ಗೊತ್ತಿಲ್ಲದೇ ಇದ್ದೋರು ಒಬ್ಬರೇ."

"ನನ್ನ ಪ್ರತಿಕಾಯವನ್ನ ನಾನೇ ಯಾಕೆ ಕದೀಲಿ?" ಎಂದರು ವಿಷ್ಣುಮೂರ್ತಿ.

"ಇಲ್ಲದ ಪ್ರೋಟೀನನ್ನೂ ಅದು ಹೊಳೆಸಿ ತೋರಿಸ್ತು ಅಂತ ಇವಳು ನಿಮಗೆ ಹೇಳಿದ್ಲು. ಅಂದ್ರೆ ಅದು ಇಷ್ಟು ವರ್ಷ ಅಂಟಿಕೊಳ್ತಿದ್ದದ್ದು ಬೇರೆ ಯಾವುದಕ್ಕೋ. ನಿಮ್ಮ ಸಂಶೋಧನೆಯೆಲ್ಲ ಸುಳ್ಳು. ಮೊಲ ಸತ್ತಿದೆ, ಟ್ಯೂಬೂ ಹೋದ್ರೆ ಅದನ್ನ ಯಾರೂ ಇನ್ನು ತೋರಿಸೋ ಹಾಗಿಲ್ಲ. ಎಲ್ಲಿ ಅದು?"

ವಿಷ್ಣುಮೂರ್ತಿ ಕಿಟಕಿಯ ಕಡೆ ಮುಖ ತಿರುಗಿಸಿದರು. "ಸಿಂಕಿಗೆ ಸುರಿದೆ. ಅದರ ಜಾಗಕ್ಕೆ ಲ್ಯಾಬಿನ ತೆಳು ಉಪ್ಪುನೀರು ತುಂಬಿದೆ."

ಜಯಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಈ ಮನುಷ್ಯನಿಗಾಗಿ ತಟ್ಟಿದ ಚಪ್ಪಾಳೆ ನೆನೆದು ಮುರಳೀಧರರಿಗೆ ಅಸಹ್ಯವಾಯಿತು. ತನ್ನ ಹೆಸರು ಉಳಿಸಿಕೊಳ್ಳಲು ಮಗಳಂಥ ಹುಡುಗಿಯ ಬದುಕನ್ನೇ ಬಲಿ ಕೊಡಲು ಹೊರಟಿದ್ದನಲ್ಲ!

ಗುರುಚರಣ ಹೇಗೋ ಸಾವರಿಸಿಕೊಂಡರು. "ನಿಖಿತಾ, ನಿನ್ನ ಮೇಲಿನ ಆರೋಪ ಇಲ್ಲಿಗೆ ಮುಗೀತು. ಹೋಗಿ ಪ್ರಬಂಧ ಮುಗಿಸಮ್ಮ. ಸಂಶೋಧನೆ ಸರಿಯೋ ಸುಳ್ಳೋ ಅನ್ನೋದು ಇನ್ನು ಸಾಬೀತಾಗೋ ಮಾತಲ್ಲ."

ನಿಖಿತಾ ಏಳಲಿಲ್ಲ. ನೇರವಾಗಿ ತನ್ನ ಗುರುವಿನ ಕಡೆ ತಿರುಗಿದಳು.

"ಗುರುವಾರ ನಾನು ತೋರಿಸಿದ್ದು ಸರಿಯಾಗಿತ್ತಾ ಸರ್? ನೀವೇ ಹೇಳ್ಬೇಕು, ಬೇರೆ ಯಾರೂ ಹೇಳೋಕಾಗಲ್ಲ."

"ಸುಮ್ಮನಿರು ನಿಖಿತಾ," ಎಂದ ಶ್ರೀಕಾಂತ್ ಗಾಬರಿಯಿಂದ, ಎಷ್ಟೋ ತಿಂಗಳ ಮೇಲೆ ಅವಳೊಡನೆ ಆಡಿದ ಮೊದಲ ಮಾತು. "ನಿನ್ನ ಥೀಸಿಸ್ ಪೂರ್ತಿ ಅದೇ ಆಂಟಿಬಾಡಿ ಮೇಲೆ ನಿಂತಿದೆ. ಅದೂ ಹೋಗುತ್ತೆ!"

"ತೆರಿಯುಂ. ಗೊತ್ತು," ಎಂದಳು ಅವಳು, ಕಣ್ಣು ಕದಲಿಸದೆ. "ಹೇಳಿ ಸರ್."

ವಿಷ್ಣುಮೂರ್ತಿ ತಲೆ ತಗ್ಗಿಸಿದರು. "ಸರಿಯಾಗಿತ್ತಮ್ಮ."

"ಹಾಗಿದ್ರೆ ನನ್ನ ಪ್ರಬಂಧ ಕೈಬಿಡ್ತೀನಿ," ಎಂದಳು ನಿಖಿತಾ ನಿರ್ದೇಶಕರಿಗೆ. ಆ ಪ್ರಬಂಧ ಉಳಿಸಲೆಂದೇ ಬಂದಿದ್ದ ಮುರಳೀಧರ ಬೇಡವೆನ್ನಲು ಬಾಯಿ ತೆರೆದರು, ಆದರೆ ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತರು.